ಹಲ್ಲು ಉಳಿಸಬೇಕಾ, ಕೀಳಿಸಬೇಕಾ, ಸೆಟ್ ಕಟ್ಟಿಸಬೇಕಾ?

ಬಾಯಿ ತೆರೆದು ಕುರ್ಚಿಯಲ್ಲಿ ಒರಗಿರುವಾಗ ಪ್ರಶ್ನೆ ಕೇಳಲು ಆಗುವುದಿಲ್ಲ. ಡಾಕ್ಟರು ಎಕ್ಸ್‌ರೇ ತೋರಿಸಿ, "ರೂಟ್ ಕೆನಾಲ್ ಮಾಡಿ ಕ್ರೌನ್ ಹಾಕಬಹುದು, ಇಲ್ಲಾಂದ್ರೆ ಎಕ್ಸ್‌ಟ್ರಾಕ್ಷನ್ ಮಾಡಿ ಬ್ರಿಡ್ಜ್ ಅಥವಾ ಪಾರ್ಶಿಯಲ್ ಡೆಂಚರ್" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ನಾವು ಸುಮ್ನೆ ತಲೆ ಆಡಿಸುತ್ತೇವೆ. ಹೊರಗೆ ಬಂದ ಮೇಲೆ ನೆನಪಿರುವುದು ಎರಡೇ: ಎಷ್ಟು ನೋಯುತ್ತದೆ, ಎಷ್ಟು ಖರ್ಚಾಗುತ್ತದೆ.

ಈ ಎರಡನ್ನೇ ಹಿಡಿದುಕೊಂಡು ತೀರ್ಮಾನ ಮಾಡಿದರೆ ಎಡವುವ ಸಾಧ್ಯತೆ ಜಾಸ್ತಿ. ಹಲ್ಲು ಉಳಿಯುತ್ತದೋ ಇಲ್ಲವೋ ಎಂಬುದಕ್ಕೆ ನೋವು ಅಳತೆಗೋಲಲ್ಲ. ಸಹಿಸಲಾರದಷ್ಟು ನೋಯುವ ಹಲ್ಲನ್ನು ಆರಾಮಾಗಿ ಉಳಿಸಬಹುದು. ಒಂಚೂರೂ ನೋಯದ, ಆದರೆ ಅಲ್ಲಾಡುವ ಹಲ್ಲನ್ನು ಉಳಿಸಲು ಆಗದೇ ಇರಬಹುದು. ನಿಜವಾಗಿ ನೋಡಬೇಕಾದದ್ದು ಮೂರು. ವಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ? ಬೇರಿನ ಸುತ್ತ ಮೂಳೆ ಎಷ್ಟು ಉಳಿದಿದೆ? ಕಿತ್ತರೆ ಆ ಜಾಗಕ್ಕೆ ಏನು ಹಾಕಿಸುತ್ತೀರಿ? ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಹಲ್ಲು ಕಿತ್ತು ಆರು ತಿಂಗಳಾದ ಮೇಲೆ ಕೇಳಿಕೊಳ್ಳುತ್ತಾರೆ.

ಮೊದಲು ಹಲ್ಲಿನ ರಚನೆ, ಚುಟುಕಾಗಿ

ವಸಡಿನ ಮೇಲೆ ಕಾಣುವ ಭಾಗಕ್ಕೆ ಕ್ರೌನ್ ಎನ್ನುತ್ತಾರೆ. ಡಾಕ್ಟರು ಹಾಕುವ ಕ್ಯಾಪಿಗೂ ಅದೇ ಹೆಸರು. "ಕ್ರೌನ್ ಮುರಿದಿದೆ" ಎಂದರೆ ಯಾವುದು ಅಂತ ಕೇಳಿಬಿಡಿ. ವಸಡಿನೊಳಗೆ ಹುದುಗಿರುವುದು ಬೇರು. ಹೊರಗಿನ ಬಿಳಿ ಪದರ ಎನಾಮಲ್, ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ಅದರಡಿ ಡೆಂಟಿನ್, ಸ್ವಲ್ಪ ಹಳದಿ, ಸ್ವಲ್ಪ ಮೆದು. ನಟ್ಟನಡುವೆ ಪಲ್ಪ್. ಜನ "ಹಲ್ಲಿನ ನರ" ಎನ್ನುವುದು ಇದನ್ನೇ. ಅದರಲ್ಲಿ ನರದ ಜೊತೆ ರಕ್ತನಾಳಗಳೂ ಇರುತ್ತವೆ. ಪಲ್ಪ್ ಬೇರಿನ ಉದ್ದಕ್ಕೂ ಸಣ್ಣ ಕೊಳವೆಯಲ್ಲಿ ಇಳಿದು ತುದಿಯವರೆಗೆ ಹೋಗುತ್ತದೆ. ಆ ಕೊಳವೆಯೇ ರೂಟ್ ಕೆನಾಲ್.

ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ತೆಳು ನಾರಿನ ಪದರವಿದೆ, ಅದು ಲಿಗಮೆಂಟ್. ಬಾಯಿಗೆ ಸಣ್ಣ ಕಲ್ಲು ಸಿಕ್ಕರೆ ತಕ್ಷಣ ಗೊತ್ತಾಗುತ್ತದಲ್ಲ, ಅದಕ್ಕೆ ಬಹುಪಾಲು ಕಾರಣ ಈ ಪದರ. ಹಲ್ಲು ಕಿತ್ತರೆ ಇದೂ ಹೋಗುತ್ತದೆ. ಯಾವ ಕಟ್ಟಿಸಿದ ಹಲ್ಲೂ ಇದನ್ನು ವಾಪಸ್ ಕೊಡುವುದಿಲ್ಲ.

ನೋವು ಏನು ಹೇಳುತ್ತಿದೆ?

ತಣ್ಣೀರು ಕುಡಿದಾಗ ಜುಂ ಎಂದು, ನೀರು ನುಂಗಿದ ಕೆಲವೇ ಸೆಕೆಂಡಿನಲ್ಲಿ ನಿಂತರೆ ಪಲ್ಪ್ ಕೆರಳಿದೆ ಅಷ್ಟೆ. ರಿವರ್ಸಿಬಲ್ ಪಲ್ಪೈಟಿಸ್ ಎಂದು ಬರೆಯುವುದು ಇದನ್ನು. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಲ್ಲಿ ರೂಟ್ ಕೆನಾಲೂ ಬೇಡ, ಕೀಳುವುದೂ ಬೇಡ.

ತಣ್ಣೀರಿನ ಜುಮ್ಮು ನಿಮಿಷಗಟ್ಟಲೆ ಎಳೆದರೆ, ಬಿಸಿ ಕುಡಿದರೆ ಸಿಡಿದರೆ, ಮಲಗಿದಾಗ ತಾನಾಗಿಯೇ ಶುರುವಾದರೆ ಅದು ಇರಿವರ್ಸಿಬಲ್. ಪಲ್ಪ್ ಇನ್ನು ಚೇತರಿಸಿಕೊಳ್ಳುವುದಿಲ್ಲ. ಡಾಕ್ಟರು ಹತ್ತಿಯ ಉಂಡೆಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ತಾಗಿಸಿ, "ಅನ್ನಿಸಿದಾಗ ಕೈ ಎತ್ತಿ, ನಿಂತಾಗ ಇಳಿಸಿ" ಎನ್ನುವುದು ಇದಕ್ಕೇ. ಕೈ ಎಷ್ಟು ಹೊತ್ತು ಮೇಲಿತ್ತು ಎಂಬುದರಲ್ಲಿ ಅರ್ಧ ಉತ್ತರ ಇರುತ್ತದೆ. ಆಮೇಲೆ ಕನ್ನಡಿಯ ಹಿಡಿಯಿಂದ ಹಲ್ಲಿನ ಮೇಲೆ ಮೆಲ್ಲಗೆ ಕುಟ್ಟುತ್ತಾರೆ. ಪಕ್ಕದ ಹಲ್ಲಿಗೂ ಕುಟ್ಟಿ ನೋಡುತ್ತಾರೆ. ಕುಟ್ಟಿದಾಗ ನೋವಾದರೆ ತೊಂದರೆ ಬೇರಿನ ತುದಿ ದಾಟಿ ಸುತ್ತಲಿನ ಲಿಗಮೆಂಟಿಗೆ ತಲುಪಿದೆ ಎಂದು ಲೆಕ್ಕ.

ಎಷ್ಟೋ ಜನರನ್ನು ಮೋಸ ಮಾಡುವ ಹಂತ ಇದರ ನಂತರದ್ದು. ವಾರಗಟ್ಟಲೆ ಕಾಡಿದ ನೋವು ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲುತ್ತದೆ. "ಅಬ್ಬಾ, ಹೋಯಿತು" ಅಂದುಕೊಳ್ಳುತ್ತಾರೆ. ಹೋಗಿರುವುದು ಪಲ್ಪಿನ ಜೀವ. ಸತ್ತ ಪಲ್ಪಿನಲ್ಲಿ ಸೋಂಕು ಬೆಳೆದು ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ಆ್ಯಬ್ಸೆಸ್ ಎನ್ನುವುದು ಅದನ್ನು. ಕೆಲವೊಮ್ಮೆ ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿರುತ್ತದೆ. ಕೀವಿಗೆ ಹೊರದಾರಿ ಸಿಕ್ಕಿರುವುದರಿಂದ ನೋವು ಇರುವುದಿಲ್ಲ.

ಆ್ಯಂಟಿಬಯೋಟಿಕ್ ನುಂಗಿ ಸುಮ್ಮನಾಗುವವರಿಗೆ ಒಂದು ಮಾತು. ಸತ್ತ ಪಲ್ಪಿಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಮಾತ್ರೆಯ ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ. ಊತ ಇಳಿದೀತು, ಮೂಲ ಅಲ್ಲೇ ಇರುತ್ತದೆ. ಊತ ಗದ್ದದ ಕೆಳಗೆ ಅಥವಾ ಕಣ್ಣಿನ ಕಡೆ ಹರಡುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ರೂಟ್ ಕೆನಾಲ್ ಎಂದರೆ ಏನೇನು ಮಾಡುತ್ತಾರೆ

ಪಲ್ಪ್ ತೆಗೆದು, ಕೊಳವೆ ತೊಳೆದು, ಮುಚ್ಚುವುದು. ಹಲ್ಲು ಮತ್ತು ಬೇರು ಅಲ್ಲೇ ಉಳಿಯುತ್ತವೆ. ಚೀಟಿಯಲ್ಲಿ ಆರ್‌ಸಿಟಿ ಎಂದು ಬರೆದಿರುತ್ತದೆ.

ಮೊದಲು ಮರಗಟ್ಟುವ ಇಂಜೆಕ್ಷನ್. ಕೆರಳಿರುವ ಕೆಳದವಡೆಯ ಹಲ್ಲಿಗೆ ಒಂದೇ ಇಂಜೆಕ್ಷನ್ ಕೆಲವೊಮ್ಮೆ ಸಾಲುವುದಿಲ್ಲ. ನೋವು ತಿಳಿಯುತ್ತಿದ್ದರೆ ಕೈ ಎತ್ತಿ ಹೇಳಿ. ಇನ್ನೊಂದು ಕೊಡುವ ದಾರಿಗಳಿವೆ. ಹಲ್ಲು ಕಚ್ಚಿ ಸಹಿಸುವ ಅಗತ್ಯ ಯಾರಿಗೂ ಇಲ್ಲ. ಆಮೇಲೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ. ಅದು ರಬ್ಬರ್ ಡ್ಯಾಮ್. ಎಂಜಲಿನ ಬ್ಯಾಕ್ಟೀರಿಯಾ ಒಳಗೆ ಹೋಗದಂತೆ, ಔಷಧಿ ಮತ್ತು ಸಣ್ಣ ಸೂಜಿಗಳು ಗಂಟಲಿಗೆ ಜಾರದಂತೆ ಅದು ಕಾಯುತ್ತದೆ. ನನ್ನನ್ನು ಕೇಳಿದರೆ, ಒಂದು ಕ್ಲಿನಿಕ್ ಎಷ್ಟು ಜಾಗ್ರತೆಯಿಂದ ಈ ಕೆಲಸ ಮಾಡುತ್ತದೆ ಎಂದು ತಿಳಿಯಲು ಇದೊಂದು ರಬ್ಬರ್ ಹಾಳೆ ಸಾಕು. "ರಬ್ಬರ್ ಡ್ಯಾಮ್ ಹಾಕ್ತೀರಾ ಡಾಕ್ಟ್ರೇ?" ಎಂದು ಮೊದಲೇ ಕೇಳುವುದರಲ್ಲಿ ತಪ್ಪೇನಿಲ್ಲ.

ಹಲ್ಲಿನ ಮೇಲೆ ಸಣ್ಣ ಕಿಂಡಿ ಕೊರೆದು ಫೈಲ್ ಎಂಬ ಸೂಜಿಗಳನ್ನು ಇಳಿಸುತ್ತಾರೆ. 15 ನಂಬರ್ ಫೈಲಿನ ತುದಿ 0.15 ಮಿಲಿಮೀಟರ್ ದಪ್ಪ. ನಂಬರ್ ಏರಿದಂತೆ ದಪ್ಪ ಏರುತ್ತದೆ. ಪ್ರತಿ ಫೈಲಿಗೂ ಒಂದು ಪುಟ್ಟ ರಬ್ಬರ್ ಬಿಲ್ಲೆ ಸಿಕ್ಕಿಸಿರುತ್ತದೆ. ಕೊಳವೆ ಇಷ್ಟೇ ಆಳ ಎಂದು ಅಳೆದು ಬಿಲ್ಲೆಯನ್ನು ಅಲ್ಲಿಗೆ ಸರಿಸಿದರೆ ಸೂಜಿ ಅದಕ್ಕಿಂತ ಆಚೆ ಹೋಗುವುದಿಲ್ಲ. ಆ ಅಳತೆಗೆ ವರ್ಕಿಂಗ್ ಲೆಂತ್ ಎನ್ನುತ್ತಾರೆ. ನಡುವೆ ಕೇಳುವ "ಬೀಪ್ ಬೀಪ್" ಸದ್ದು ಏಪೆಕ್ಸ್ ಲೊಕೇಟರಿನದು. ಬೇರಿನ ತುದಿ ಹತ್ತಿರ ಬಂತು ಎಂದು ಅದು ಹೇಳುತ್ತದೆ.

ಉಜ್ಜುವುದಕ್ಕಿಂತ ತೊಳೆಯುವುದು ಮುಖ್ಯ. ಕೊಳವೆ ನೇರವಾದ ಪೈಪಲ್ಲ. ಅದಕ್ಕೆ ಕವಲುಗಳಿವೆ, ಸೂಜಿ ಮುಟ್ಟದ ಮೂಲೆಗಳಿವೆ. ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಹಾಕಿ ಮತ್ತೆ ಮತ್ತೆ ತೊಳೆಯುತ್ತಾರೆ. ಬಟ್ಟೆ ಬಿಳಿ ಮಾಡುವ ಬ್ಲೀಚಿನಲ್ಲಿರುವುದೂ ಅದೇ ರಾಸಾಯನಿಕ, ಆ ವಾಸನೆ ಬರುವುದು ಅದಕ್ಕೇ. ಸೋಂಕು ಜಾಸ್ತಿ ಇದ್ದರೆ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟ್ ಮುಚ್ಚಿ, ಒಂದೆರಡು ವಾರ ಬಿಟ್ಟು ಬರಲು ಹೇಳುತ್ತಾರೆ. ಕೊನೆಗೆ ಗಟ್ಟಾ ಪರ್ಚಾ ಎಂಬ ಕಡ್ಡಿಗಳನ್ನು ಸೀಲರ್ ಜೊತೆ ಒತ್ತಿ ತುಂಬುತ್ತಾರೆ. ಅದು ಆಗ್ನೇಯ ಏಷ್ಯಾದ ಮರವೊಂದರ ಹಾಲಿನಿಂದ ಬರುವ, ರಬ್ಬರಿನಂಥ ವಸ್ತು. 19ನೇ ಶತಮಾನದಿಂದ ಹಲ್ಲಿನ ಕೆಲಸದಲ್ಲಿದೆ. ಕೊನೆಯ ಎಕ್ಸ್‌ರೇಯಲ್ಲಿ ಅದು ಬಿಳಿ ಗೆರೆಯಾಗಿ ಕಾಣುತ್ತದೆ. ಗೆರೆ ಬೇರಿನ ತುದಿಯ ತೀರಾ ಸಮೀಪದವರೆಗೆ, ಸುಮಾರು ಅರ್ಧದಿಂದ 2 ಮಿಲಿಮೀಟರ್ ಮೊದಲು ನಿಂತಿದ್ದರೆ ಒಳ್ಳೆಯದು. ಅರ್ಧ ದಾರಿಯಲ್ಲೇ ನಿಂತಿದ್ದರೆ "ಯಾಕೆ?" ಎಂದು ಕೇಳಿ.

ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು ಕೊಳವೆ. ಕೆಳಗಿನ ದವಡೆ ಹಲ್ಲಿಗೆ ಹೆಚ್ಚಾಗಿ ಮೂರು, ಮೇಲಿನದಕ್ಕೆ ಮೂರು ಅಥವಾ ನಾಲ್ಕು. ಹಾಗಾಗಿ ದವಡೆ ಹಲ್ಲಿಗೆ ಸಮಯವೂ ಖರ್ಚೂ ಜಾಸ್ತಿ. ಮೇಲಿನ ದವಡೆ ಹಲ್ಲಿನ ನಾಲ್ಕನೆಯ ಕೊಳವೆ ಎಷ್ಟು ಸಣ್ಣದೆಂದರೆ ಕಣ್ಣು ತಪ್ಪಿಸಿಕೊಳ್ಳುವುದು ಉಂಟು. ಅಂಥ ಹಲ್ಲಿಗೆ ಎಂಡೋಡಾಂಟಿಸ್ಟ್, ಅಂದರೆ ರೂಟ್ ಕೆನಾಲಿನಲ್ಲೇ ಪರಿಣತಿ ಪಡೆದವರು, ಮೈಕ್ರೊಸ್ಕೋಪ್ ಇಟ್ಟುಕೊಂಡು ಮಾಡಿದರೆ ವಾಸಿ.

ಮುಗಿದ ಮೇಲೆ ಎರಡು ಮೂರು ದಿನ ಕಚ್ಚಿದಾಗ ಸ್ವಲ್ಪ ನೋವಿರುತ್ತದೆ. ಅದು ಸಹಜ. ಆದರೆ ಇಲ್ಲಿಗೇ ಕೆಲಸ ಮುಗಿಯಿತು ಅಂದುಕೊಳ್ಳುವುದು ದೊಡ್ಡ ತಪ್ಪು. ಹುಳುಕಿಗೆ ಮತ್ತು ಕಿಂಡಿಗೆ ಹಲ್ಲಿನ ಗಟ್ಟಿ ಭಾಗ ಬಹಳಷ್ಟು ಹೋಗಿರುತ್ತದೆ. ಉಳಿದ ಗೋಡೆ ಅಗಿಯುವ ಒತ್ತಡಕ್ಕೆ ಸೀಳಬಹುದು. ಸೀಳು ಬೇರಿಗಿಳಿದರೆ ಮಾಡಿಸಿದ್ದೆಲ್ಲ ನೀರುಪಾಲು. ಹಾಗಾಗಿ ದವಡೆ ಹಲ್ಲಿಗೆ ಕ್ಯಾಪ್ ಬೇಕೇ ಬೇಕು ಎಂದು ಇಟ್ಟುಕೊಳ್ಳಿ. ಮುಂದಿನ ಹಲ್ಲಿನಲ್ಲಿ ಗಟ್ಟಿ ಭಾಗ ಚೆನ್ನಾಗಿ ಉಳಿದಿದ್ದರೆ ಬರೀ ಫಿಲ್ಲಿಂಗ್ ಸಾಕಾಗಬಹುದು. ಖರ್ಚು ಕೇಳುವಾಗ "ಕ್ಯಾಪ್ ಸೇರಿ ಎಷ್ಟು?" ಎಂದೇ ಕೇಳಿ.

ಚೆನ್ನಾಗಿ ಮಾಡಿ ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ಹೆಚ್ಚಿನವು ವರ್ಷಗಟ್ಟಲೆ ಬಾಳುತ್ತವೆ. ಕೆಲವು ಕೈಕೊಡುತ್ತವೆ. ಆಗ ತುಂಬಿದ್ದನ್ನು ತೆಗೆದು ಮತ್ತೆ ಮಾಡುವುದಕ್ಕೆ ರೀಟ್ರೀಟ್‌ಮೆಂಟ್ ಎನ್ನುತ್ತಾರೆ. ಅದೂ ಆಗದಿದ್ದರೆ ವಸಡು ಬಿಡಿಸಿ ಬೇರಿನ ತುದಿಯನ್ನಷ್ಟೇ ಕತ್ತರಿಸಿ ಮುಚ್ಚುವ ಏಪಿಕೋಎಕ್ಟಮಿ ಎಂಬ ಸಣ್ಣ ಆಪರೇಷನ್ ಇದೆ. ರೂಟ್ ಕೆನಾಲ್ ಮಾಡಿಸಿದರೆ ದೇಹದಲ್ಲೆಲ್ಲ ರೋಗ ಬರುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. 20ನೇ ಶತಮಾನದ ಆರಂಭದ ಒಂದು ವಾದ ಅದು. ಆಗಿನ ಪ್ರಯೋಗಗಳಲ್ಲಿ ಲೋಪಗಳಿದ್ದವು, ಮುಂದಿನ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ.

ಕೀಳಿಸುವುದು

ಹಲ್ಲು ಕೀಳುವುದು, ಡಾಕ್ಟರ ಮಾತಲ್ಲಿ ಎಕ್ಸ್‌ಟ್ರಾಕ್ಷನ್, ಎಂದರೆ ಜಗ್ಗಿ ಎಳೆಯುವುದಲ್ಲ. ಎಲಿವೇಟರ್ ಎಂಬ ಸಲಕರಣೆಯಿಂದ ಲಿಗಮೆಂಟ್ ಸಡಿಲಿಸಿ, ಫೋರ್ಸೆಪ್ಸ್‌ನಿಂದ ಹಿಡಿದು ನಿಧಾನಕ್ಕೆ ಅತ್ತಿತ್ತ ಒತ್ತಿ, ಮೂಳೆಯ ಗುಳಿಯನ್ನು ಅಗಲಿಸಿ ತೆಗೆಯುತ್ತಾರೆ. ನೋವು ತಿಳಿಯಬಾರದು, ಒತ್ತಡ ತಿಳಿಯುತ್ತದೆ. "ಕಟ್" ಎಂಬ ಸದ್ದು ಕೇಳಿದರೆ ಗಾಬರಿ ಬೇಡ. ವಸಡು ಬಿಡಿಸಿ, ಮೂಳೆ ಸ್ವಲ್ಪ ಕೊರೆದು ಅಥವಾ ಹಲ್ಲನ್ನು ತುಂಡು ಮಾಡಿ ತೆಗೆಯಬೇಕಾದರೆ ಅದು ಸರ್ಜಿಕಲ್ ಎಕ್ಸ್‌ಟ್ರಾಕ್ಷನ್. ಅಡ್ಡ ಬೆಳೆದು ಮೂಳೆಯಲ್ಲಿ ಸಿಕ್ಕಿಕೊಂಡ ವಿಸ್ಡಮ್ ಟೂತಿಗೆ, ಅಂದರೆ ಕೊನೆಗೆ ಹುಟ್ಟುವ ಬುದ್ಧಿ ಹಲ್ಲಿಗೆ, ಇಂಪ್ಯಾಕ್ಟೆಡ್ ಎನ್ನುತ್ತಾರೆ. ಅದನ್ನು ಹೆಚ್ಚಾಗಿ ಓರಲ್ ಸರ್ಜನ್ ತೆಗೆಯುತ್ತಾರೆ. ಕೆಳಗಿನ ವಿಸ್ಡಮ್ ಟೂತಿನ ಪಕ್ಕದಲ್ಲೇ ತುಟಿಗೆ ಹೋಗುವ ನರ ಇರುವುದರಿಂದ ತುಟಿ ಮರಗಟ್ಟುವ ಸಣ್ಣ ಸಾಧ್ಯತೆ ಇರುತ್ತದೆ. ಮೊದಲೇ ಕೇಳಿ ತಿಳಿದುಕೊಳ್ಳಿ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ ಎಂಬುದು ಮಾತ್ರ ಬರೀ ಸುಳ್ಳು. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ.

ಕಿತ್ತ ಮೇಲೆ ಗುಳಿಯಲ್ಲಿ ಕಟ್ಟುವ ರಕ್ತದ ಗಡ್ಡೆಯೇ ಔಷಧಿ. ಅದನ್ನು ಕಾಪಾಡಿದರೆ ಗಾಯ ತಾನಾಗಿ ಮಾಯುತ್ತದೆ. ಬಟ್ಟೆಯುಂಡೆಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ನಿಮಿಷಕ್ಕೊಮ್ಮೆ ತೆಗೆದು ನೋಡಬಾರದು. ಮೊದಲ 24 ಗಂಟೆ ಬಾಯಿ ಮುಕ್ಕಳಿಸುವುದು, ಜೋರಾಗಿ ಉಗುಳುವುದು, ಸ್ಟ್ರಾ ಹಾಕಿ ಹೀರುವುದು, ಸಿಗರೇಟು ಯಾವುದೂ ಬೇಡ. ಮರುದಿನದಿಂದ ಉಗುರು ಬೆಚ್ಚಗಿನ ಉಪ್ಪುನೀರನ್ನು ಮೆಲ್ಲಗೆ ಆಡಿಸಬಹುದು. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಳಿಯುವ ಬದಲು ಏರಿ, ಕಿವಿಯವರೆಗೆ ಎಳೆದು, ಬಾಯಿ ನಾರಿದರೆ ಗಡ್ಡೆ ಕಳಚಿ ಮೂಳೆ ಬಯಲಾಗಿದೆ ಎಂದರ್ಥ. ಅದು ಡ್ರೈ ಸಾಕೆಟ್. ಡಾಕ್ಟರು ತೊಳೆದು ಔಷಧಿ ಇಟ್ಟರೆ ಬೇಗ ಸಮಾಧಾನ ಸಿಗುತ್ತದೆ. ಧೂಮಪಾನಿಗಳಲ್ಲಿ ಇದು ಜಾಸ್ತಿ.

ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಬಿಸ್ಫಾಸ್ಫೊನೇಟ್ ಗುಂಪಿನ ಔಷಧಿ, ಇವೆಲ್ಲವನ್ನೂ ಮೊದಲೇ ಹೇಳಿ. ಬಿಸ್ಫಾಸ್ಫೊನೇಟ್ ತೆಗೆದುಕೊಳ್ಳುವವರಲ್ಲಿ ಅಪರೂಪಕ್ಕೆ ಕಿತ್ತ ಜಾಗದ ಮೂಳೆ ಮಾಯುವುದೇ ಇಲ್ಲ. ಅವರಿಗೆ ಕೀಳುವುದಕ್ಕಿಂತ ರೂಟ್ ಕೆನಾಲ್ ಎಷ್ಟೋ ಸುರಕ್ಷಿತ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿರ್ಧರಿಸಿ ನಿಲ್ಲಿಸಬೇಡಿ. ಅದನ್ನು ಬರೆದುಕೊಟ್ಟ ಡಾಕ್ಟರು ಹೇಳಬೇಕು.

ಹಾಗಾದರೆ ಯಾವುದು?

ಉಳಿಸಲು ಬರುವ ಹಲ್ಲನ್ನು ಉಳಿಸಿ ಎನ್ನುವುದು ನನ್ನ ಪಕ್ಷ. ಆದರೆ ಉಳಿಸಲು ಬರುತ್ತದಾ ಎನ್ನುವುದು ಆಸೆಯಿಂದ ತೀರ್ಮಾನವಾಗುವುದಿಲ್ಲ. ಹುಳುಕೆಲ್ಲ ತೆಗೆದ ಮೇಲೆ ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಎತ್ತರದ ಗಟ್ಟಿ ಹಲ್ಲು ಇರಬೇಕು. ಡಾಕ್ಟರು ಅದನ್ನು ಫೆರೂಲ್ ಎನ್ನುತ್ತಾರೆ. ಕ್ಯಾಪ್ ಹಿಡಿದು ನಿಲ್ಲುವುದು ಅದರ ಮೇಲೆ. ಅದಿಲ್ಲದೆ ಕ್ಯಾಪ್ ಹಾಕುವುದು ಗೋಡೆ ಇಲ್ಲದ ಮನೆಗೆ ಸೂರು ಹೊದಿಸಿದ ಹಾಗೆ. ಒಳಗೆ ಪೋಸ್ಟ್ ಎಂಬ ಕಡ್ಡಿ ನೆಟ್ಟು ಕಟ್ಟುವುದುಂಟು. ಆದರೆ ಪೋಸ್ಟ್ ಹಲ್ಲಿಗೆ ಬಲ ತುಂಬುವುದಿಲ್ಲ, ಮೇಲೆ ಕಟ್ಟಿದ ಭಾಗವನ್ನು ಹಿಡಿದಿಡುತ್ತದೆ ಅಷ್ಟೆ.

ಬೇರು ಉದ್ದಕ್ಕೂ ಸೀಳಿದ್ದರೆ ಕೀಳುವುದೇ ದಾರಿ. ವಸಡಿನ ರೋಗದಿಂದ ಮೂಳೆ ಕರಗಿ ಹಲ್ಲು ಮೇಲೆ ಕೆಳಗೆ ಆಡುತ್ತಿದ್ದರೂ ಹಾಗೆಯೇ. ಅಲ್ಲಿ ರೂಟ್ ಕೆನಾಲ್ ಎಷ್ಟೇ ಚೆನ್ನಾಗಿ ಮಾಡಿದರೂ ಹಲ್ಲು ನಿಲ್ಲಲು ನೆಲೆಯೇ ಇಲ್ಲ. ಎದುರು ಹಲ್ಲಿಲ್ಲದ, ಹಲ್ಲುಜ್ಜಲು ಬ್ರಷ್ ತಲುಪದ ವಿಸ್ಡಮ್ ಟೂತ್ ಹುಳುಕಾಗಿದ್ದರೆ ಅದಕ್ಕೆ ರೂಟ್ ಕೆನಾಲ್ ಮಾಡಿಸಿ ಹಣ ಸುರಿಯುವುದೂ ದಂಡ. ಕೀಳಿಸಿ.

ಉಳಿದ ಹೆಚ್ಚಿನ ಸಂದರ್ಭಗಳಲ್ಲಿ, ಅಂದರೆ ಗೋಡೆಯೂ ಇದೆ, ಮೂಳೆಯೂ ಇದೆ, ಪಲ್ಪ್ ಮಾತ್ರ ಹೋಗಿದೆ ಎಂದಾದರೆ ರೂಟ್ ಕೆನಾಲ್ ವಾಸಿ. ಕೀಳುವುದು ಆ ದಿನಕ್ಕೆ ಅಗ್ಗ. ಆದರೆ ಖಾಲಿ ಜಾಗಕ್ಕೆ ಬ್ರಿಡ್ಜೋ ಇಂಪ್ಲಾಂಟೋ ಹಾಕಿಸಿದರೆ ಒಟ್ಟು ಖರ್ಚು ಸಾಮಾನ್ಯವಾಗಿ ರೂಟ್ ಕೆನಾಲ್ ಮತ್ತು ಕ್ಯಾಪನ್ನು ಮೀರುತ್ತದೆ. ಒಬ್ಬರು ಉಳಿಸಬಹುದು ಎಂದು, ಇನ್ನೊಬ್ಬರು ಕೀಳಿ ಎಂದರೆ ಎಕ್ಸ್‌ರೇ ಹಿಡಿದು ಮೂರನೆಯವರ ಬಳಿ ಹೋಗಿ. ಕಿತ್ತ ಹಲ್ಲನ್ನು ವಾಪಸ್ ಹಾಕಲು ಬರುವುದಿಲ್ಲ, ಅಲ್ವಾ? ಹಾಲುಹಲ್ಲಿನ ಲೆಕ್ಕ ಬೇರೆ, ಅದಕ್ಕೆ ಮಕ್ಕಳ ಹಲ್ಲಿನ ಡಾಕ್ಟರನ್ನೇ ಕೇಳಬೇಕು.

ಕಿತ್ತ ಜಾಗಕ್ಕೆ ಏನು?

ಏನೂ ಹಾಕಿಸದೆ ಇರುವುದೂ ಒಂದು ಆಯ್ಕೆ. ವಿಸ್ಡಮ್ ಟೂತಿಗೆ ಅದೇ ಸರಿ. ತೀರಾ ಹಿಂದಿನ ದವಡೆ ಹಲ್ಲೊಂದು ಹೋದರೂ ಕೆಲವರು ಆರಾಮಾಗಿ ಇರುತ್ತಾರೆ. ಆದರೆ ನಡುವಿನ ಹಲ್ಲು ಹೋದರೆ ಪಕ್ಕದವು ಆ ಕಡೆ ವಾಲಬಹುದು, ಎದುರಿನದು ಖಾಲಿ ಜಾಗಕ್ಕೆ ಇಳಿದು ಬರಬಹುದು. ಜೊತೆಗೆ ಹಲ್ಲು ನಿಂತಿದ್ದ ಮೂಳೆಯ ದಿಬ್ಬ, ಅಂದರೆ ರಿಡ್ಜ್, ಸವೆಯುತ್ತಾ ಹೋಗುತ್ತದೆ. ಮೊದಲ ವರ್ಷದಲ್ಲೇ ಅತಿ ಹೆಚ್ಚು ಸವೆತ.

ಪಾರ್ಶಿಯಲ್ ಡೆಂಚರ್ ಎಂದರೆ ಒಂದೋ ಕೆಲವೋ ಹಲ್ಲುಗಳಿಗೆ ತೆಗೆದು ಹಾಕುವ ಸೆಟ್. ಬೆಲೆ ಕಡಿಮೆ, ಪಕ್ಕದ ಹಲ್ಲು ಕೊರೆಯುವ ಕೆಲಸ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನದು ದಪ್ಪ, ವಸಡಿನ ಮೇಲೆ ಒತ್ತುತ್ತದೆ. ಕೋಬಾಲ್ಟ್ ಕ್ರೋಮಿಯಂ ಲೋಹದ ಚೌಕಟ್ಟಿನದು ತೆಳು, ಗಟ್ಟಿ, ಉಳಿದ ಹಲ್ಲಿನ ಮೇಲೆ ಭಾರ ಹಂಚುತ್ತದೆ. ವರ್ಷಗಟ್ಟಲೆ ಹಾಕಿಕೊಳ್ಳುವುದಾದರೆ ಲೋಹದ್ದೇ ಒಳ್ಳೆಯದು. ನೈಲಾನಿನ ಫ್ಲೆಕ್ಸಿಬಲ್ ಡೆಂಚರಿನಲ್ಲಿ ಕ್ಲಿಪ್ ಕಾಣುವುದಿಲ್ಲ, ನೋಡಲು ಚೆಂದ. ಆದರೆ ಸಡಿಲವಾದರೆ, ಮುರಿದರೆ ರಿಪೇರಿ ಕಷ್ಟ.

ಬ್ರಿಡ್ಜ್ ಎಂದರೆ ನಾವೇ ತೆಗೆದು ಹಾಕಲು ಬಾರದ, ಅಂಟಿಸಿ ಕೂರಿಸಿದ ಹಲ್ಲು. ಖಾಲಿ ಜಾಗದ ಎರಡೂ ಪಕ್ಕದ ಹಲ್ಲುಗಳನ್ನು ಸುತ್ತಲೂ ಕೊರೆದು ಚಿಕ್ಕದು ಮಾಡಿ, ಅವುಗಳ ಮೇಲೆ ಕ್ಯಾಪ್ ಕೂರಿಸಿ, ನಡುವೆ ಸುಳ್ಳು ಹಲ್ಲು ತೂಗಿಸುತ್ತಾರೆ. ಆಧಾರದ ಹಲ್ಲು ಅಬಟ್‌ಮೆಂಟ್, ನಡುವಿನದು ಪಾಂಟಿಕ್. ಕೆಲವೇ ವಾರದಲ್ಲಿ ಮುಗಿಯುತ್ತದೆ, ಅಗಿಯಲು ಸಲೀಸು. ಪಕ್ಕದ ಹಲ್ಲುಗಳಿಗೆ ಮೊದಲೇ ದೊಡ್ಡ ಫಿಲ್ಲಿಂಗ್ ಇದ್ದು ಹೇಗೂ ಕ್ಯಾಪ್ ಬೇಕಿದ್ದರೆ ಇದು ಒಳ್ಳೆಯ ಆಯ್ಕೆ. ಅವು ಕಲೆಯಿಲ್ಲದ, ಗಟ್ಟಿಮುಟ್ಟಾದ ಹಲ್ಲುಗಳಾಗಿದ್ದರೆ ಒಂದರ ಸಲುವಾಗಿ ಎರಡನ್ನು ಕೊರೆಯಲು ನನಗಂತೂ ಮನಸ್ಸು ಬರುವುದಿಲ್ಲ. ಸುಳ್ಳು ಹಲ್ಲಿನ ಅಡಿಯಲ್ಲಿ ದಿನಾ ಶುಚಿ ಮಾಡದಿದ್ದರೆ ಕ್ಯಾಪಿನ ಅಂಚಿನಲ್ಲಿ ಹುಳುಕು ಹಿಡಿಯುತ್ತದೆ. ಆಗ ಇಡೀ ಬ್ರಿಡ್ಜ್ ತೆಗೆಯಬೇಕು.

ಇಂಪ್ಲಾಂಟ್ ಎಂದರೆ ಮೂಳೆಗೆ ನೆಡುವ ಟೈಟಾನಿಯಂ ಸ್ಕ್ರೂ. ಅದು ಬೇರು ಮಾತ್ರ. ಮೇಲೆ ಅಬಟ್‌ಮೆಂಟ್ ಎಂಬ ಜೋಡಣೆ, ಅದರ ಮೇಲೆ ಕ್ಯಾಪ್. ಟೈಟಾನಿಯಂಗೆ ಮೂಳೆ ಬೆಸೆದುಕೊಳ್ಳುತ್ತದೆ ಎಂದು ತೋರಿಸಿಕೊಟ್ಟವರು ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೊನೆಮಾರ್ಕ್. ಅವರು 1965ರಲ್ಲಿ ಮೊದಲ ರೋಗಿಗೆ ಹಾಕಿದ ಇಂಪ್ಲಾಂಟುಗಳು ಆತ ಬದುಕಿರುವವರೆಗೆ, 40 ವರ್ಷ ದಾಟಿ ಕೆಲಸ ಮಾಡಿದವು. ಪಕ್ಕದ ಹಲ್ಲು ಮುಟ್ಟಬೇಕಿಲ್ಲ ಎನ್ನುವುದು ದೊಡ್ಡ ಅನುಕೂಲ. ಮೂಳೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು. ಮೂಳೆ ಸಾಲದಿದ್ದರೆ ಮೊದಲು ಬೋನ್ ಗ್ರಾಫ್ಟ್, ಅಂದರೆ ಆ ಜಾಗಕ್ಕೆ ಮೂಳೆ ತುಂಬಿಸುವುದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಧೂಮಪಾನ, ವಸಡಿನ ರೋಗ ಇದ್ದರೆ ಸೋಲುವ ಅಪಾಯ ಹೆಚ್ಚು. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ನಿಜ. ಆದರೆ ಸುತ್ತಲ ವಸಡಿಗೆ, ಮೂಳೆಗೆ ಸೋಂಕು ತಗಲಬಹುದು. ಪೆರಿ ಇಂಪ್ಲಾಂಟೈಟಿಸ್ ಎಂದು ಅದಕ್ಕೆ ಹೆಸರು. ಉಜ್ಜುವ ಕೆಲಸ ತಪ್ಪುವುದಿಲ್ಲ.

ಪೂರ್ತಿ ಸೆಟ್

ಇಡೀ ದವಡೆಯ ಹಲ್ಲು ಹೋಗಿದ್ದರೆ ಕಂಪ್ಲೀಟ್ ಡೆಂಚರ್. ದೊಡ್ಡವರಿಗೆ ಸಾಮಾನ್ಯವಾಗಿ 32 ಹಲ್ಲಿದ್ದರೂ ಮೇಲಿನ ಕೆಳಗಿನ ಸೆಟ್ ಎರಡೂ ಸೇರಿ ಸಾಮಾನ್ಯವಾಗಿ 28. ವಿಸ್ಡಮ್ ಟೂತ್ ಹಾಕುವುದಿಲ್ಲ. ಇದರಲ್ಲೇ ಎರಡು ಬಗೆ. ಹಲ್ಲು ಕಿತ್ತ ದಿನವೇ ಹಾಕುವುದು ಇಮ್ಮಿಡಿಯೇಟ್ ಡೆಂಚರ್. ಬೊಚ್ಚು ಬಾಯಲ್ಲಿ ಓಡಾಡಬೇಕಿಲ್ಲ. ಆದರೆ ಗಾಯ ಮಾಯುತ್ತಾ ದಿಬ್ಬ ಕುಗ್ಗುವುದರಿಂದ ತಿಂಗಳುಗಳಲ್ಲೇ ಸಡಿಲವಾಗುತ್ತದೆ. ಒಳಗೆ ಹೊಸ ಪದರ ಕೊಡಿಸಬೇಕು, ಅದಕ್ಕೆ ರೀಲೈನ್ ಎನ್ನುತ್ತಾರೆ. ಮಾಯುವವರೆಗೆ ಕಾದು ಮಾಡಿಸಿದರೆ ಹೊಂದಿಕೆ ಚೆನ್ನಾಗಿರುತ್ತದೆ.

ಸೆಟ್ ಮಾಡಿಸಲು ನಾಲ್ಕೈದು ಸಲ ಹೋಗಬೇಕಾಗುತ್ತದೆ. ಅಳತೆ ತೆಗೆಯುವುದು, ಮೇಣದ ದಿಂಡು ಕಚ್ಚಿಸಿ ಮೇಲ್ದವಡೆ ಕೆಳದವಡೆಯ ಅಂತರ ನೋಡುವುದು, ಆಮೇಲೆ ಟ್ರೈ ಇನ್. ಈ ಟ್ರೈ ಇನ್ ದಿನ ಅವಸರ ಮಾಡಬೇಡಿ. ಹಲ್ಲುಗಳು ಇನ್ನೂ ಮೇಣದಲ್ಲಿ ಕೂತಿರುತ್ತವೆ, ಬಿಸಿ ಮಾಡಿ ಸರಿಸಬಹುದು. ಕನ್ನಡಿ ಕೇಳಿ. ಕಿಟಕಿ ಬೆಳಕಿಗೆ ಹೋಗಿ ನೋಡಿ. ಮಧ್ಯದ ಗೆರೆ ಮೂಗಿನ ನೇರಕ್ಕಿದೆಯಾ, ನಕ್ಕಾಗ ಎಷ್ಟು ಕಾಣುತ್ತದೆ, ಬಣ್ಣ ತೀರಾ ಬಿಳಿಯಾಯಿತಾ ನೋಡಿ. "ಸರಸ", "ಐವತ್ತು", "ಕಾಫಿ" ಎಂದು ನಾಲ್ಕು ಸಲ ಹೇಳಿ. "ಸ" ಹೇಳುವಾಗ ಮೇಲಿನ ಕೆಳಗಿನ ಹಲ್ಲು ಟಕಟಕ ತಾಗಿದರೆ ಎತ್ತರ ಜಾಸ್ತಿಯಾಗಿದೆ. "ಫ"ದಲ್ಲಿ ಮೇಲಿನ ಮುಂದಿನ ಹಲ್ಲಿನ ಅಂಚು ಕೆಳತುಟಿಯನ್ನು ಹಗುರಾಗಿ ತಾಗಬೇಕು. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರ ಕಣ್ಣಿಗೆ ಬೀಳುವುದು ನಮಗೆ ಬೀಳುವುದಿಲ್ಲ. ಮೇಣ ತೆಗೆದು ಅಕ್ರಿಲಿಕ್ ಆದ ಮೇಲೆ ಹಲ್ಲು ಸರಿಸಲು ಆಗುವುದಿಲ್ಲ.

ಮೇಲಿನ ಸೆಟ್ ಅಂಗುಳಕ್ಕೆ ಎಂಜಲಿನ ತೆಳು ಪದರದಿಂದ ಹಿಡಿದುಕೊಳ್ಳುತ್ತದೆ. ಕೆಳಗಿನದಕ್ಕೆ ಆ ಭಾಗ್ಯ ಇಲ್ಲ. ಜಾಗ ಕಡಿಮೆ, ನಾಲಿಗೆ ಎತ್ತಿ ಎತ್ತಿ ಹಾಕುತ್ತದೆ, ದಿಬ್ಬವೂ ಮೇಲಿನದಕ್ಕಿಂತ ಜಾಸ್ತಿ ಸವೆಯುತ್ತದೆ. "ಮೇಲಿನದು ಚೆನ್ನಾಗಿದೆ, ಕೆಳಗಿನದು ನಿಲ್ಲೋದೇ ಇಲ್ಲ" ಎಂಬ ದೂರು ಹೆಚ್ಚಾಗಿ ಕೇಳಿಬರುವುದಕ್ಕೆ ಕಾರಣ ಇದು. ಸೆಟ್ ಮಾಡಿದವರದ್ದೇ ತಪ್ಪು ಎಂದಲ್ಲ. ಇಲ್ಲಿ ಒಂದು ನಡುದಾರಿ ಇದೆ. ಕೆಳದವಡೆಗೆ ಎರಡೇ ಇಂಪ್ಲಾಂಟ್ ನೆಟ್ಟು ಸೆಟ್ಟನ್ನು ಗುಂಡಿಯಂತೆ ಸಿಕ್ಕಿಸುವ ಓವರ್‌ಡೆಂಚರ್. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆ ಆಗಬೇಕು ಎಂದಿದ್ದರು. ಇಡೀ ಬಾಯಿಗೆ ಇಂಪ್ಲಾಂಟ್ ಹಾಕಿಸುವುದಕ್ಕಿಂತ ಖರ್ಚು ಎಷ್ಟೋ ಕಡಿಮೆ. ಕೆಳಗಿನ ಸೆಟ್ಟಿನಿಂದ ಸೋತು ಹೋದವರು ಈ ಬಗ್ಗೆ ಪ್ರಾಸ್ತೋಡಾಂಟಿಸ್ಟ್, ಅಂದರೆ ಹಲ್ಲು ಕಟ್ಟುವುದರಲ್ಲಿ ಪರಿಣತರನ್ನು ಒಮ್ಮೆ ಕೇಳಬೇಕು.

ಹೊಸ ಸೆಟ್ ಹಾಕಿದ ಮೊದಲ ವಾರಗಳಲ್ಲಿ ಎಂಜಲು ಜಾಸ್ತಿ ಬರುತ್ತದೆ, ಮಾತು ತೊದಲುತ್ತದೆ. ಮೆತ್ತಗಿನದನ್ನು ಸಣ್ಣ ತುತ್ತು ಮಾಡಿ, ಎರಡೂ ಕಡೆ ಸಮವಾಗಿ ಅಗಿಯಿರಿ. ಸ್ವಂತ ಹಲ್ಲಿನ ಬಲ ಬರುತ್ತದೆ ಎಂದು ಕಾಯಬೇಡಿ, ಅದರ ಸಣ್ಣ ಪಾಲು ಮಾತ್ರ ಸಿಗುತ್ತದೆ. ರಾತ್ರಿ ತೆಗೆದು ನೀರಿನಲ್ಲಿಡಿ. ಹಾಕಿಕೊಂಡೇ ಮಲಗುವವರ ಅಂಗುಳ ಫಂಗಸ್‌ನಿಂದ ಕೆಂಪಗಾಗುವುದು ಸಾಮಾನ್ಯ. ಉಜ್ಜಲು ಮೆತ್ತನೆ ಬ್ರಷ್ಷು, ಸೌಮ್ಯವಾದ ಸೋಪು ಸಾಕು. ಟೂತ್‌ಪೇಸ್ಟ್ ಅಕ್ರಿಲಿಕ್ಕನ್ನು ಗೀರುತ್ತದೆ, ಕುದಿನೀರು ಸೊಟ್ಟ ಮಾಡುತ್ತದೆ. ಸಡಿಲವಾದ ಸೆಟ್ಟಿಗೆ ದಿನಾ ಜಾಸ್ತಿ ಜಾಸ್ತಿ ಅಂಟು ಹಚ್ಚುತ್ತಿದ್ದರೆ ರೀಲೈನ್ ಮಾಡಿಸುವ ಕಾಲ ಬಂದಿದೆ.

ಸೆಟ್ ಒತ್ತಿ ಹುಣ್ಣಾದರೆ ನೀವೇ ಅರದಿಂದ ಉಜ್ಜಬೇಡಿ. ಡಾಕ್ಟರ ಬಳಿ ಹೋಗುವ ದಿನ ಕೆಲವು ಗಂಟೆ ಮೊದಲೇ ಸೆಟ್ ಹಾಕಿಕೊಂಡು ಹೋಗಿ. ಕೆಂಪಗಾದ ಜಾಗ ಎದ್ದು ಕಂಡರೆ ಎಲ್ಲಿ ತೆಗೆಯಬೇಕು ಎಂದು ಅವರಿಗೆ ತಿಳಿಯುತ್ತದೆ. ಒತ್ತುವ ಜಾಗ ಸರಿಮಾಡಿಸಿದ ಮೇಲೂ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ಅದು ಸೆಟ್ಟಿನ ಹುಣ್ಣೇ ಎಂದುಕೊಂಡು ಕೂರಬೇಡಿ. ಮತ್ತೆ ತೋರಿಸಿ, ಬಯಾಪ್ಸಿ, ಅಂದರೆ ಚೂರು ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸುವುದು, ಬೇಕಾ ಎಂದು ಕೇಳಿ.